ಮಾಮೂಲಿ ದಿನದ ವಿಡಿಯೊ

ನನ್ನ ತಮ್ಮನಿಗೆ ಮನುಷ್ಯರು ಬೇಕಿಲ್ಲ, ಅವರ ಫೋಟೊ ಇದ್ದರೆ ಸಾಕು. ಅರವತ್ತಾರು ವರ್ಷದಿಂದ ಅವನನ್ನು ನೋಡುತ್ತಿದ್ದೇನೆ. ಈ ತೀರ್ಮಾನ ಆತುರದ್ದಲ್ಲ. ಬಸ್ ನಿಲ್ದಾಣದ ಎದುರು, ಮೊದಲ ಮಹಡಿಯಲ್ಲಿ ಅವನ ಸ್ಟುಡಿಯೊ. ಅಲ್ಲಿ ಜನರ ಮೊಡವೆ ಅಳಿಸಿ, ಬೋಳುತಲೆಯ ಹೊಳಪು ತಗ್ಗಿಸಿ, ಮದುವೆ ವಿಡಿಯೊಗಳಿಂದ ಬೀಗರ ಜಗಳ ಕತ್ತರಿಸಿ ತೆಗೆದು ಬದುಕಿದ್ದಾನೆ. ನಮ್ಮ ತಂದೆ ತೀರಿಕೊಂಡ ದಿನ ಅವನು ಮಾಡಿದ ಮೊದಲ ಕೆಲಸ, ಅವರ ಭಾವಚಿತ್ರದಲ್ಲಿ ಕಿವಿಯ ಕೂದಲು ತೆಗೆದದ್ದು. ಅಳು ಆಮೇಲೆ ಬಂದಿರಬಹುದು, ನಾನು ನೋಡಲಿಲ್ಲ.

ಅವನ ಮೊಮ್ಮಗಳಿಗೆ ಆರು ವರ್ಷ. ಮನೆಯಲ್ಲಿ ಪುಟ್ಟಿ ಎನ್ನುತ್ತೇವೆ. ಕರೆದರೆ ತಿರುಗುವುದಿಲ್ಲ. ಡಬ್ಬದ ಮುಚ್ಚಳವನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುತ್ತ ಗಂಟೆಗಟ್ಟಲೆ ಕೂರುತ್ತಾಳೆ. ನೀರಿನ ಪಂಪು ಶುರುವಾದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾಳೆ. ಮಾತಾಡುತ್ತಾಳೆ, ಆದರೆ ಆ ಮಾತು ಲಿಫ್ಟ್‌ನದು, ರೇಡಿಯೊದ್ದು. ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತಾಳೆ. ಶಾಲೆಯವರು ಸ್ಪಷ್ಟವಾಗಿಯೇ ಹೇಳಿದರು: ಆಟಿಸಂ ಪರೀಕ್ಷೆ ಮಾಡಿಸಿ ತಿಂಗಳ ಕೊನೆಯೊಳಗೆ ವರದಿ ತಂದರೆ ಮಗುವಿನ ಪಕ್ಕ ಕೂರಲು ಒಬ್ಬ ಸಹಾಯಕ ಶಿಕ್ಷಕಿಯನ್ನು ಕೊಡಬಹುದು, ವರದಿ ಇಲ್ಲದೆ ನಲವತ್ತು ಮಕ್ಕಳ ನಡುವೆ ಇವಳನ್ನು ಇಟ್ಟುಕೊಳ್ಳಲಾಗದು.

ಪರೀಕ್ಷೆಗೆ ಅಷ್ಟರಲ್ಲಾಗಲೇ ಹೆಸರು ಬರೆಸಿ ಐದು ತಿಂಗಳು ಕಾದಿದ್ದೆವು. ಆಸ್ಪತ್ರೆಯವರು ಹನ್ನೊಂದು ಪುಟದ ಫಾರಂ ಕಳಿಸಿ, ಮಗು ಮಾಮೂಲಿ ದಿನದಲ್ಲಿ ಮನೆಯಲ್ಲಿ ಹೇಗಿರುತ್ತದೆಂದು ನಾಲ್ಕೈದು ನಿಮಿಷದ ವಿಡಿಯೊ ಕೇಳಿದ್ದರು. ಪುಟ್ಟಿಯ ತಾಯಿ, ಅಂದರೆ ನನ್ನ ತಮ್ಮನ ಸೊಸೆ, ಔಷಧಿ ಅಂಗಡಿಯಲ್ಲಿ ಬಿಲ್ ಹಾಕುವವಳು. ಮೂರು ಊಟದ ವಿರಾಮಗಳಲ್ಲಿ ಫಾರಂ ತುಂಬಿದಳು. ವಿಡಿಯೊ ಕೆಲಸವನ್ನು ಮಾವನಿಗೆ ಬಿಟ್ಟಳು. ಅವಳು ಮಾಡಿದ ತಪ್ಪು ಅದೊಂದೇ.

ಪುಟ್ಟಿಯ ಅಪ್ಪನಿಗೆ ರಜೆ ಸಿಗದ ಕಾರಣ ಅವರ ಜೊತೆ ನಾನು ಹೋದೆ. ಪರೀಕ್ಷೆ ಮಾಡುವ ಮೇಡಂ ಚಿಕ್ಕ ವಯಸ್ಸಿನವಳು, ಕಾಲಿಗೆ ಕ್ಯಾನ್ವಾಸ್ ಶೂ. ಕೋಣೆಯ ಕುರ್ಚಿಗಳೆಲ್ಲ ಮಕ್ಕಳ ಅಳತೆಯವು; ಇಸ್ತ್ರಿ ಮುರಿಯದ ಪ್ಯಾಂಟಿನಲ್ಲಿ ನನ್ನ ತಮ್ಮ ಮೊಣಕಾಲಿಗೆ ಗಲ್ಲ ಊರಿ ಕುಳಿತಿದ್ದ. ಪುಟ್ಟಿ ಬಂದವಳೇ ಮೇಜಿನ ಕೆಳಗೆ ಹೋದಳು. ಒಂದು ಗಂಟೆ ಚೆಂಡು, ಗೊಂಬೆ, ಸೋಪಿನ ಗುಳ್ಳೆ ಎಲ್ಲ ತೋರಿಸಿದರೂ ಹೊರಬರಲಿಲ್ಲ, ತುಟಿ ಬಿಚ್ಚಲಿಲ್ಲ.

ಆಮೇಲೆ ಮೇಡಂ ವಿಡಿಯೊ ಹಾಕಿದಳು. ಬಂಗಾರದ ಅಕ್ಷರದಲ್ಲಿ ‘ನಮ್ಮ ಪುಟ್ಟಿ’ ಎಂದು ಮೂಡಿತು. ಹಿಂದೆ ಕೊಳಲು. ಹೊಸ ಫ್ರಾಕಿನ ಮಗು ಸೋಫಾದ ಮೇಲೆ ಕುಳಿತು ನೇರ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಿತ್ತು. ತಮ್ಮನ ಧ್ವನಿ ಕೇಳಿತು, “ತಾತ ಎಲ್ಲಿ ನಿಂತ್ಕೋಬೇಕಮ್ಮಾ?” ಪುಟ್ಟಿ ಹೇಳಿದಳು, “ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ.” “ಹೊರಗೆ ಸೆಕೆ ಜಾಸ್ತಿನಾ?” ಪುಟ್ಟಿ, “ಮುಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಣಹವೆ ಮುಂದುವರಿಯಲಿದೆ.” ಹೀಗೆ ನಾಲ್ಕು ನಿಮಿಷ. ನಮ್ಮ ಮನೆಯಲ್ಲಿ ಇಷ್ಟು ಸಭ್ಯವಾದ ಸಂಭಾಷಣೆ ಯಾರ ಯಾರ ನಡುವೆಯೂ ನಡೆದದ್ದಿಲ್ಲ.

ನನ್ನ ತಮ್ಮ ತೆರೆಯ ಕಡೆ ನೋಡುತ್ತಿರಲಿಲ್ಲ. ಮೇಡಂ ಮುಖ ನೋಡುತ್ತಿದ್ದ. ಮಗು ಮನೆಯಲ್ಲಿ ಹೀಗೇ ಮಾತಾಡುತ್ತದೆಯೇ ಎಂದು ಅವಳು ಕೇಳಿದಾಗ, ಬಾಯಿ ಮುಚ್ಚುವುದೇ ಇಲ್ಲ ಎಂದ. ಮೇಡಂ ಪೆನ್ನು ಕೆಳಗಿಟ್ಟಳು. ಫಾರಂ ಒಂದು ಹೇಳುತ್ತದೆ, ವಿಡಿಯೊ ಇನ್ನೊಂದು. ಇದು ಹೊಸ ಜಾಗದ ಸಂಕೋಚವೂ ಇರಬಹುದು, ಈಗಲೇ ಏನನ್ನೂ ಬರೆಯಲಾಗದು, ನಾಲ್ಕು ತಿಂಗಳು ಬಿಟ್ಟು ಬನ್ನಿ ಎಂದಳು. ನನ್ನ ತಮ್ಮ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ.

ಹೊರಗೆ ಕಾರಿಡಾರಿನಲ್ಲಿ ಸೊಸೆ ಮಗುವಿಗೆ ಶೂ ಹಾಕುತ್ತ, ತಲೆ ಎತ್ತದೆ ಕೇಳಿದಳು.

“ಮಾವ, ಆ ವಿಡಿಯೊದಲ್ಲಿದ್ದ ಮಗು ಯಾರದು?”

“ಪುಟ್ಟಿನೇ ಕಣಮ್ಮ. ಸ್ವಲ್ಪ ಬೆಳಕು ಸರಿ ಮಾಡಿದೆ, ಅಷ್ಟೇ.”

“ಆ ಮಗುಗೆ ಪಕ್ಕದಲ್ಲಿ ಟೀಚರ್ ಬೇಕಾಗಿಲ್ಲ. ಇವಳಿಗೆ ಬೇಕು.”

ಬಸ್ಸಿನಲ್ಲಿ ತಮ್ಮನಿಂದ ಒಂದೊಂದಾಗಿ ಬಾಯಿ ಬಿಡಿಸಿದೆ. ಮಗು ನೋಡಿದ್ದು ನಮ್ಮನ್ನಲ್ಲ. ಸ್ಟುಡಿಯೊದಲ್ಲಿ ಅಳುವ ಕೂಸುಗಳಿಗೆಂದು ಇಟ್ಟಿರುವ ಗಿರಗಿಟ್ಟಲೆಯನ್ನು ಕ್ಯಾಮೆರಾ ಮೇಲೆ ಕಟ್ಟಿ ಫ್ಯಾನ್ ಹಾಕಿದ್ದ. ಅವಳು ತನ್ನಷ್ಟಕ್ಕೆ ಹೇಳಿಕೊಂಡ ಮಾತುಗಳನ್ನು ಆಯ್ದು, ಅವಕ್ಕೆ ಹೊಂದುವ ಪ್ರಶ್ನೆಗಳನ್ನು ಆಮೇಲೆ ತನ್ನ ದನಿಯಲ್ಲಿ ಸೇರಿಸಿದ್ದ. ಎರಡು ಗಂಟೆಯ ಚಿತ್ರದಿಂದ ನಾಲ್ಕು ನಿಮಿಷ.

“ಜ್ವರ ಬಂದವನಿಗೆ ಪೌಡರ್ ಬಳಿದು ಡಾಕ್ಟರ್ ಹತ್ರ ಕರ್ಕೊಂಡು ಹೋದ ಹಾಗಾಯ್ತಲ್ಲೋ,” ಎಂದೆ.

“ಚೆನ್ನಾಗಿ ಕಂಡರೆ ತಾನೇ ಅಕ್ಕ, ಯಾರಾದ್ರೂ ಸೇರಿಸ್ಕೊಳ್ಳೋದು,” ಎಂದ.

ಎರಡು ದಿನ ಇಂಗು ತಿಂದ ಮಂಗನಂತಿದ್ದ. ಮೂರನೆಯ ದಿನ ಆಸ್ಪತ್ರೆಗೆ ತಾನೇ ಫೋನ್ ಮಾಡಿ, ಎಡಿಟಿಂಗ್‌ನಲ್ಲಿ ಸಣ್ಣ ತಾಂತ್ರಿಕ ದೋಷವಾಗಿದೆ, ಸರಿಪಡಿಸಿ ತರುತ್ತೇನೆ ಎಂದ. ತಪ್ಪಾಯಿತು ಎಂಬ ಪದ ಅವನ ನಾಲಗೆಗೆ ಒಗ್ಗದು. ತಿಂಗಳ ಕೊನೆಗೆ ನಾಲ್ಕು ದಿನವಿರುವಾಗ ಮತ್ತೆ ಕರೆದರು.

ಈ ಸಲ ಬಂಗಾರದ ಅಕ್ಷರ ಇರಲಿಲ್ಲ, ಕೊಳಲಿರಲಿಲ್ಲ. ಕತ್ತರಿಸದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತಂದಿದ್ದ. “ಪುಟ್ಟಿ, ಇಲ್ಲಿ ನೋಡು” ಎಂದು ತಮ್ಮನ ದನಿ ಅರವತ್ತಮೂರು ಸಲ ಕೇಳಿತು; ಮೇಡಂ ಗೆರೆ ಎಳೆದು ಎಣಿಸಿದಳು. ಪುಟ್ಟಿ ಕರೆಗೆ ಒಂದು ಸಲವೂ ತಿರುಗಲಿಲ್ಲ, ಗಿರಗಿಟ್ಟಲೆ ತಿರುಗಿದಾಗ ಮಾತ್ರ ಅದನ್ನು ನೋಡಿದಳು. ಲಿಫ್ಟ್‌ನ ಮಾತನ್ನು ಗೋಡೆಗೆ ಹೇಳಿದಳು. ಆಮೇಲೆ ತಮ್ಮ ಸೋತು ಕ್ಯಾಮೆರಾ ಆರಿಸುವುದನ್ನು ಮರೆತಿರಬೇಕು. ಬನಿಯನ್ನಿನಲ್ಲಿದ್ದ ಒಬ್ಬ ಮುದುಕ ಚೌಕಟ್ಟಿನೊಳಗೆ ಬಂದು, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ. ಹೊಟ್ಟೆ ಒಂದು ಕಡೆ, ಲುಂಗಿ ಒಂದು ಕಡೆ. ಪುಟ್ಟಿಯ ಮುಚ್ಚಳ ತಿರುಗುತ್ತಿತ್ತು, ಅವನು ನೋಡುತ್ತಿದ್ದ. ಅದು ಬಿದ್ದಾಗಲೆಲ್ಲ ಅವಳು ಎತ್ತಿ ತಿರುಗಿಸುತ್ತಿದ್ದಳು. ಹತ್ತನೆಯದೋ ಹನ್ನೊಂದನೆಯದೋ ಸಲ, ಅವನ ಮುಖ ನೋಡದೆಯೇ, ಮುಚ್ಚಳವನ್ನು ಅವನ ಕಡೆಗೆ ತಳ್ಳಿದಳು. ಮೇಡಂ ಅಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ, ಎರಡು ಸಲ ನೋಡಿ ಬರೆದುಕೊಂಡಳು.

ವರದಿ ಮರುದಿನವೇ ಶಾಲೆಗೆ ಮುಟ್ಟಿತು. ಸಹಾಯಕ ಶಿಕ್ಷಕಿ ದಿನಕ್ಕೆ ಮೂರು ಗಂಟೆ ಸಿಕ್ಕಳು. ಐದು ಕೇಳಿದ್ದೆವು, ಇನ್ನೂ ಕೇಳುತ್ತಿದ್ದೇವೆ.

ಆ ದಿನ ಬರೆದುಕೊಂಡ ಮೇಲೆ, ಬನಿಯನ್ನಿನ ಭಾಗದಲ್ಲಿ ಉಳಿದದ್ದನ್ನು ಬೇಕಾದರೆ ಮುಂದೆ ಓಡಿಸುತ್ತೇನೆ ಎಂದು ಮೇಡಂ ಮರ್ಯಾದೆಗೆ ಹೇಳಿದಳು. ತಿರುಗಿ ನೋಡಿದರೆ ತಮ್ಮನ ಕುರ್ಚಿ ಖಾಲಿ. ಲ್ಯಾಪ್‌ಟಾಪಿನಲ್ಲಿ ಪಂಪಿನ ಸದ್ದು ಬಂದಿತ್ತು, ಪುಟ್ಟಿ ಮೇಜಿನ ಕೆಳಗೆ ಹೋಗಿದ್ದಳು. ನನ್ನ ತಮ್ಮ ಇಸ್ತ್ರಿ ಪ್ಯಾಂಟಿನಲ್ಲಿಯೇ ಅಲ್ಲಿ ಮಂಡಿಯೂರಿ, ಅವಳ ಕಿವಿ ಮುಚ್ಚಿದ ಕೈಗಳ ಮೇಲೆ ತನ್ನ ಕೈ ಇಟ್ಟುಕೊಂಡು ಕುಳಿತಿದ್ದ.

“ಮೇಡಂ, ಸೌಂಡ್ ಪೂರ್ತಿ ತೆಗೆದುಬಿಡಿ,” ಎಂದ ಕೆಳಗಿನಿಂದ. “ಚಿತ್ರ ನೀವು ನೋಡ್ಕೊಳ್ಳಿ.”