ನೀರಿಗೆ ಏನೋ ಹಾಕವ್ನೆ

ನಮ್ಮತ್ತೆ ರಾಮಲಕ್ಷ್ಮಮ್ಮನವರಿಗೆ ಹಾಲಿನವನ ಮೇಲೆ ಅನುಮಾನ, ಕರೆಂಟು ಮೀಟರಿನ ಮೇಲೆ ಅನುಮಾನ, ಲಿಫ್ಟಿನ ಮೇಲಂತೂ ಕೇಳಲೇಬೇಡಿ. ಹೂವಿನವಳು ಮೊಳ ಹಾಕುವಾಗ ಕೈ ಮಡಿಸುತ್ತಾಳೆ ಎಂದು ತಮ್ಮ ಕೈಯಿಂದಲೇ ಅಳೆದು ತರುತ್ತಾರೆ. ‘ಅನುಮಾನಂ ಪೆದ್ದ ರೋಗಂ’ ಎಂದು ನಮ್ಮ ಮಾವ ಛೇಡಿಸಿದರೆ, “ನಂಬ್ಕೊಂಡು ನೀವೇನು ಕಡ್ದು ಕಟ್ಟೆ ಹಾಕಿದ್ರಿ?” ಎಂದು ಅವರ ಬಾಯಿ ಮುಚ್ಚಿಸುತ್ತಾರೆ. ನಾನು ಯಮುನಾ, ಈ ಮನೆಯ ಒಬ್ಬಳೇ ಸೊಸೆ. ನನ್ನ ಮೇಲೆ ಅನುಮಾನ ಇಲ್ಲದಿರುತ್ತದೆಯೇ?

ಹೊರಮಾವಿನಲ್ಲಿ ನಮ್ಮವರು ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಜಮೀನು ಕೊಟ್ಟವರೆಂದು ನಮಗೂ ಅಲ್ಲೇ ಮನೆಗಳು ಸಿಕ್ಕಿವೆ. ಹಳೆಯ ಬಾವಿ ಇದ್ದ ಕಡೆ ನೆಂಟರು ಕಾರು ನಿಲ್ಲಿಸುತ್ತಾರೆ. ಕೆಳಗೆ ನೀಲಿ ಬಣ್ಣದ ಈಜುಕೊಳವಿದೆ. ಅತ್ತೆ ಮಂಡಿನೋವಿಗೆಂದು ಹೋದಾಗ ಡಾಕ್ಟರು “ನೀರಲ್ಲಿ ಕಾಲಾಡಿಸಿ” ಅಂದದ್ದೇ ತಡ, ನಾನು ಹೋಗುತ್ತಿದ್ದ ಬೆಳಗಿನ ಹೆಂಗಸರ ಬ್ಯಾಚಿಗೆ ಅತ್ತೆಯನ್ನೂ ಸೇರಿಸಿದೆ. ಮೈತುಂಬ ಮುಚ್ಚುವ ಕರಿ ಈಜುಡುಗೆ ನೋಡಿ “ಥೂ, ಕಪ್ಪೆ ಥರ ಕಾಣ್ತೀನಿ” ಅಂದರು. ಆಮೇಲೆ ನೀರಿಗೆ ಇಳಿದವರು, ಯಾರೂ ಹೇಳಿಕೊಡದೆ, ಈ ದಡದಿಂದ ಆ ದಡಕ್ಕೆ ಸರಸರನೆ ಈಜಿಬಿಟ್ಟರು. ತೌರಿನ ಬಾವಿಯಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಕಲಿತದ್ದಂತೆ! ದುಡ್ಡು ಕೊಟ್ಟು ಕಲಿಯುತ್ತಿದ್ದ ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತೆವು.

ಕೆಲವು ತಿಂಗಳಲ್ಲಿ ಮಂಡಿ ಮಾತು ಕೇಳತೊಡಗಿತು. ಕಲ್ಯಾಣ ನಗರದವರೆಗೂ ನಡೆದುಕೊಂಡು ಹೋಗಿ ಸೊಪ್ಪು ತಂದರು. ಆದರೆ ಕೂದಲು ಕೈಕೊಟ್ಟಿತು. ನಮ್ಮತ್ತೆಗೆ ಒಡವೆಯ ಆಸೆಯಿಲ್ಲ, ಸೀರೆಯ ಆಸೆಯಿಲ್ಲ, ಅವರ ಜಂಭವೆಲ್ಲ ಆ ಸೊಂಟ ಮೀರಿದ ಕೂದಲಿನದು. ಅದು ತೆಂಗಿನ ನಾರಿನ ಹಾಗೆ ಒರಟಾಯಿತು, ತುದಿ ಸೀಳಿತು, ತಾಮ್ರದ ಬಣ್ಣಕ್ಕೆ ತಿರುಗಿತು. ಬಾಚಣಿಗೆ ಎಳೆದರೆ ಉಂಡೆ ಉಂಡೆ ಬಂತು.

“ನೀರಿಗೆ ಏನೋ ಹಾಕವ್ನೆ ಆ ಭೀಮು” ಅಂದರು.

ಭೀಮು ಕೊಳ ನೋಡಿಕೊಳ್ಳುವ ಹುಡುಗ. ಕೆ.ಆರ್. ಪುರದವನು, ಮದುವೆಯಾಗಿ ಪುಟ್ಟ ಮಗಳಿದ್ದಾಳೆ. ಪಂಪಿನ ಕೋಣೆಯ ಪಕ್ಕದಲ್ಲೇ ಸಂಸಾರ. ಕೆಲಸ ಇದ್ದರೆ ಆ ಕೋಣೆ, ಕೆಲಸ ಹೋದರೆ ಕೋಣೆಯೂ ಹೋಯಿತು, ಪಕ್ಕದ ಬೀದಿಯಲ್ಲಿರುವ ಮಗಳ ಸ್ಕೂಲೂ ಹೋಯಿತು.

“ಅವನ್ಯಾಕೆ ಹಾಕ್ತಾನೆ ಅತ್ತೆ? ಕ್ಲೋರಿನ್ ಎಲ್ಲಾ ಕೊಳಕ್ಕೂ ಹಾಕ್ತಾರೆ.”

“ಅವ್ನು ಕೊಳದ ಕಂಬಿ ಮೇಲೆ ಅಂಗಿ ಒಣಗಾಕಿದ್ದಕ್ಕೆ ನಾನು ಬೈದಿದ್ನಲ್ಲ, ಅದ್ಕೇ ಸೇಡು. ಅದಿರ್ಲಿ, ಅದೇ ನೀರು, ಅದೇ ಹೊತ್ತು, ನಿನ್ ಕೂದ್ಲು ಮಾತ್ರ ಹೆಂಗೆ ನೆಟ್ಟಗೈತೆ? ನಿಂಗೂ ಅವ್ನಿಗೂ ಏನಮ್ಮಿ ಒಳಮಾತು?”

ನನಗೆ ಉರಿದುಹೋಯಿತು. ಇಳಿಯುವ ಮೊದಲು ತಲೆ ನೆನೆಸಿಕೊಳ್ಳಿ, ಟೋಪಿ ಹಾಕಿಕೊಳ್ಳಿ ಎಂದು ಮೊದಲ ದಿನದಿಂದ ಹೇಳಿದ್ದೇ ನಾನು. ನಲ್ಲಿಯಲ್ಲಿ ಬರುವುದು ಟ್ಯಾಂಕರ್ ನೀರು, ಅದು ಯಾವ ಮೋರಿಯದ್ದೋ ಎಂದರು. ರಬ್ಬರ್ ಟೋಪಿ ಹಾಕಿದರೆ ತಲೆ ಉಸಿರಾಡುವುದಿಲ್ಲ ಎಂದರು. ಈಗ ನನಗೂ ಭೀಮುವಿಗೂ ಒಳಮಾತಂತೆ! “ನಿಮ್ಮ ಇಷ್ಟ, ಏನಾದ್ರೂ ಮಾಡ್ಕೊಳ್ಳಿ” ಅಂದು ಎದ್ದುಬಂದೆ.

ಅವರು ಮಾಡಿಕೊಂಡರು. ನೇರವಾಗಿ ಅಪಾರ್ಟ್‌ಮೆಂಟಿನ ಸೆಕ್ರೆಟರಿಯ ಬಾಗಿಲು ತಟ್ಟಿ ದೂರು ಕೊಟ್ಟು ಬಂದರು. ಸಂಜೆಯೊಳಗೆ ಅದು ವಾಟ್ಸಾಪ್ ಗುಂಪಿಗೆ ಹೋಯಿತು. ಕೋಣ ಈಯಿತು ಅಂದರೆ ಕರು ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರಲ್ಲ. ಭೀಮು ವಾರದ ಕ್ಲೋರಿನ್ ಪುಡಿಯನ್ನೆಲ್ಲ ಒಂದೇ ದಿನ ಸುರಿಯುತ್ತಾನೆ ಎಂದರು ಒಬ್ಬರು. ಇಲ್ಲ, ಪುಡಿಯನ್ನು ಹೊರಗೆ ಮಾರಿಕೊಂಡು ನೀರಿಗೆ ಏನೂ ಹಾಕುವುದೇ ಇಲ್ಲ ಎಂದರು ಇನ್ನೊಬ್ಬರು. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಒಬ್ಬರಾದರೂ ಕೇಳಬೇಡವೇ? ಭಾನುವಾರ ಮೀಟಿಂಗ್ ಕರೆದು ಅವನನ್ನು ತೆಗೆದುಹಾಕುವುದೆಂದು ತೀರ್ಮಾನವಾಯಿತು.

ಶನಿವಾರ ಸಂಜೆ ಅತ್ತೆಗೆ ಭುಜ ಹಿಡಿದುಕೊಂಡಿತ್ತು. ತಲೆಗೆ ಹಚ್ಚಲೆಂದು ಹರಳೆಣ್ಣೆ ಬಟ್ಟಲು ತಂದು ನನ್ನ ಮುಂದೆ ಕೂತರು. ನಾನಿನ್ನೂ ಸಿಟ್ಟಿನಲ್ಲೇ ಇದ್ದೆ, ಆದರೂ ಗಂಟು ಬಿಚ್ಚಿದೆ. ಗುಪ್ಪೆಂದು ಕೊಳದ ವಾಸನೆ ಮೂಗಿಗೆ ಹೊಡೆಯಿತು! ಒಳಗಿನ ಕೂದಲು ಸಂಜೆಯಾದರೂ ಒದ್ದೆ.

“ಅತ್ತೆ, ಬೆಳಿಗ್ಗೆ ಈಜಿ ಬಂದ್ಮೇಲೆ ತಲೆಗೆ ನೀರು ಹಾಕ್ಕೊಳ್ಳಿಲ್ವಾ?”

“ಈಜಿದ್ಮೇಲೆ ಇನ್ಯಾವ ಸ್ನಾನ? ಬಾವೀಲಿ ಬಿದ್ದೆದ್ದೋರು ಮನೇಗೆ ಬಂದು ತಿರ್ಗಾ ನೀರು ಹುಯ್ಕೊತಾರೇನೆ?”

ನಾನು ಹಣೆ ಹಣೆ ಚಚ್ಚಿಕೊಂಡೆ. ದಿನಾ ನಾನು ಕೆಳಗೇ ನಿಂತು ಶಾಂಪೂ ಹಾಕಿ ತಲೆ ತೊಳೆಯುತ್ತಿದ್ದೆ, ಅವರು ಮೊದಲೇ ಮನೆಗೆ ಹೋಗುತ್ತಿದ್ದರು. ಮನೆಯಲ್ಲಿ ತೊಳೆಯುತ್ತಾರೆ ಎಂದುಕೊಂಡಿದ್ದೆ. ಇವರು ಅದೇ ನೀರನ್ನು ಗಂಟಿನಲ್ಲಿ ಕಟ್ಟಿಕೊಂಡು ದಿನವಿಡೀ ಓಡಾಡಿದ್ದಾರೆ.

“ಅದು ಬಾವಿ ನೀರಲ್ಲ ಅತ್ತೆ, ಔಷಧಿ ಹಾಕಿದ ನೀರು. ತೊಳೀದೇ ಬಿಟ್ರೆ ಕೂದಲನ್ನ ತಿಂತಾನೇ ಇರತ್ತೆ. ಒಣಗಿದ ಹೊಲ ಮೊದಲ ಮಳೆ ಕುಡಿಯಲ್ವಾ, ಹಂಗೆ ಒಣ ಕೂದಲೂ ಮೊದಲು ಸಿಕ್ಕಿದ ನೀರನ್ನ ಕುಡಿಯುತ್ತೆ. ಅದಕ್ಕೇ ಮೊದಲು ನಲ್ಲಿ ನೀರು ಕುಡಿಸಿ, ತುದಿಗೆ ಒಂಚೂರು ಕೊಬ್ಬರಿ ಎಣ್ಣೆ ಸವರಿ, ಟೋಪಿ ಹಾಕೋದು. ಈಚೆ ಬಂದ ತಕ್ಷಣ ತೊಳೆಯೋದು. ಭೀಮು ಏನೂ ಮಾಡಿಲ್ಲ.”

“ನೀನು ಅವ್ನ ಕಡೆ.”

“ನಿಮ್ಮ ಮೂಗು ನಿಮ್ಮ ಕಡೆಯೇ ತಾನೆ? ಮೂಸಿ ನೋಡಿ.”

ಕೂದಲಿನ ತುದಿಯನ್ನು ಮುಂದಕ್ಕೆಳೆದುಕೊಂಡು ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ, “ಅವ್ನಿಗೊಂದು ಹೆಣ್ಮಗು ಐತಲ್ವೇನೆ” ಅಂದರು. ಎದ್ದು ಬಚ್ಚಲಿಗೆ ಹೋಗಿ ಸೀಗೆಕಾಯಿ ಹಾಕಿ ತಲೆ ತೊಳೆದುಕೊಂಡರು.

ಮರುದಿನ ಮೀಟಿಂಗಿನಲ್ಲಿ ಎದ್ದು ನಿಂತರು. ತಪ್ಪು ಒಪ್ಪಿಕೊಳ್ಳುವುದು ನಮ್ಮತ್ತೆಯ ಜಾಯಮಾನದಲ್ಲೇ ಇಲ್ಲ.

“ತಪ್ಪು ನಂದು. ಈಜಿದ್ಮೇಲೆ ತಲೆ ತೊಳೀಬೇಕು ಅಂತ ಗೊತ್ತಿರ್ಲಿಲ್ಲ. ಆ ಹುಡುಗುನ್ನ ಬಿಟ್ಬಿಡಿ.”

ಸೆಕ್ರೆಟರಿ ಕನ್ನಡಕ ಸರಿಮಾಡಿಕೊಂಡು ನಕ್ಕರು. “ಏನಮ್ಮಾ, ಮೊನ್ನೆ ವಿಷ ಅಂದ್ರಿ, ಇವತ್ತು ತೀರ್ಥ ಅಂತೀರಾ! ಅವನೇನು ಕೊಟ್ಟ ನಿಮಗೆ?”

ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಊರನ್ನೆಲ್ಲ ಅನುಮಾನದಿಂದ ನೋಡಿದವರನ್ನು ಎದುರಿಗೆ ನಿಲ್ಲಿಸಿಕೊಂಡು ಹೀಗೆ ಯಾರೂ ಕೇಳಿರಲಿಲ್ಲ. ನನಗೆ ಆ ಸೆಕ್ರೆಟರಿಯ ಕನ್ನಡಕ ಕಿತ್ತು ಬಿಸಾಕುವಷ್ಟು ಸಿಟ್ಟು ಬಂತು. ನಾನು ಏಳುವಷ್ಟರಲ್ಲಿ ಅತ್ತೆ ಕೈ ಹಿಂದಕ್ಕೆ ಹಾಕಿ ಗಂಟು ಬಿಚ್ಚಿಬಿಟ್ಟರು. ಗಂಡಸರ ಮುಂದೆ ತಲೆ ಬಿಚ್ಚಿಕೊಂಡು ನಿಂತವರಲ್ಲ ಅವರು, ಮಾವನಿಗೂ ಕೂಡ ಅದು ಅಪರೂಪ. ಸೀಳಿದ, ಕೆಂಚಾದ ಆ ಕೂದಲು ಬೆನ್ನ ಮೇಲೆ ಬಿತ್ತು.

“ಏನು ಕೊಟ್ಟ ಅಂತ ಕೇಳಿದ್ರಲ್ಲ. ನೋಡ್ಕೊಳ್ಳಿ. ಇದು ನಾನೇ ಮಾಡ್ಕೊಂಡಿದ್ದು. ಇದುನ್ನ ನೋಡಿದ್ಮೇಲೂ ಅವುನ್ನ ಕಳಿಸ್ಬೇಕು ಅನ್ನಿಸಿದ್ರೆ ಕಳ್ಸಿ.”

ಯಾರೂ ನಗಲಿಲ್ಲ. ಸೆಕ್ರೆಟರಿ ನೆಲ ನೋಡುತ್ತಾ, “ಆಯ್ತಮ್ಮ, ಕಟ್ಕೊಳ್ಳಿ. ಇರ್ಲಿ ಅವನು” ಅಂದರು.

ಸೋಮವಾರ ಬೆಳಿಗ್ಗೆ ಅತ್ತೆ ಟ್ಯಾಂಕರ್ ನೀರನ್ನು ಬೈಯುತ್ತಲೇ ತಲೆ ನೆನೆಸಿಕೊಂಡರು, ಎಣ್ಣೆ ಸವರಿಕೊಂಡರು, ನನ್ನ ನೇರಳೆ ಟೋಪಿ ಹಾಕಿಕೊಂಡರು. ಭೀಮುವಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ಮೆಟ್ಟಿಲಿಳಿಯುವಾಗಲೇ ಬಾಯಲ್ಲಿ ಜೋಡಿಸಿಕೊಂಡಿದ್ದರು. ಅವನು ಕೊಳದ ಅಂಚಿನಲ್ಲಿ ನಮಗಾಗಿ ಕಾದು ನಿಂತಿದ್ದ. ಕೈಯಲ್ಲಿ ನೀರು ಪರೀಕ್ಷೆ ಮಾಡುವ ಪುಟ್ಟ ಗಾಜಿನ ನಳಿಕೆ, ಹೋಲಿಸಿ ನೋಡುವ ಬಣ್ಣದ ಪಟ್ಟಿ. ಪಕ್ಕದಲ್ಲಿ ಗೇಟಿನ ಸೆಕ್ಯೂರಿಟಿಯವಳನ್ನು ಕರೆದು ನಿಲ್ಲಿಸಿಕೊಂಡಿದ್ದ.

“ಬಣ್ಣ ನೋಡ್ಕೊಳ್ಳಿ ಅಮ್ಮ, ಪಟ್ಟೀಲಿರೋದಕ್ಕೆ ಸರೀಗಿದೆ. ಇವ್ರು ಸಾಕ್ಷಿ. ಆಮೇಲೆ ಇಳೀರಿ.”

“ಇದ್ಯಾಕೋ ಭೀಮು? ನಾನೇನಾದ್ರೂ ಕೇಳಿದ್ನಾ?”

“ಹಂಗೇನಿಲ್ಲಮ್ಮ. ಮಗ್ಳು ಸ್ಕೂಲಿಗೆ ಹೋಗ್ತಾವ್ಳೆ. ನೋಡ್ಬಿಟ್ಟು ಇಳೀರಿ.”

ಸಿಟ್ಟಿನಿಂದ ಹೇಳಿದ್ದಲ್ಲ ಅವನು. ಅದಕ್ಕೇ ನನಗೆ ಅಳು ಬಂದಂತಾಯಿತು. ಅತ್ತೆ ಜೋಡಿಸಿಟ್ಟುಕೊಂಡಿದ್ದ ಮಾತು ಹೊರಗೆ ಬರಲೇ ಇಲ್ಲ. ನಳಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಪಟ್ಟಿ ನೋಡಿದರು, ಸೆಕ್ಯೂರಿಟಿಯವಳ ಕಡೆ ತಿರುಗಿ ಅವಳಿಗೆ ಕೇಳುವಂತೆ “ಸರೀಗೈತೆ” ಅಂದರು. ಈಗ ದಿನಾ ಅವನು ತೋರಿಸುತ್ತಾನೆ. ದಿನಾ ಇವರು ಗಟ್ಟಿಯಾಗಿ ಹೇಳಿ, ತಲೆ ತಗ್ಗಿಸಿಕೊಂಡು ನೀರಿಗೆ ಇಳಿಯುತ್ತಾರೆ.