ಮಾದಾಪುರದ ಲೈನಿಗೆ ನನಗಿಂತ ಮೊದಲು ಬಂದವನು

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ನನ್ನ ಕೆಲಸವೇ ಅಂಥದ್ದು. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲದಲ್ಲಿ ನಾನು ಅಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದೆ. ಎಲ್ಲಿ ಜ್ವರ ಬಂದಿದೆ, ಎಲ್ಲಿ ಸಿಡುಬು ಎದ್ದಿದೆ ಎಂದು ಎಸ್ಟೇಟುಗಳನ್ನು ತಿರುಗಿ ಪತ್ತೆ ಮಾಡಬೇಕು, ಯಾರಿಂದ ಯಾರಿಗೆ ಹಬ್ಬಿತೆಂದು ವಿಚಾರಿಸಬೇಕು, ಸುತ್ತಲಿನವರಿಗೆಲ್ಲ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಬೇಕು. ಹುಡುಕಿದರೆ ಯಾವ ರೋಗಕ್ಕೂ ಮೂಲ ಸಿಕ್ಕೇ ಸಿಗುತ್ತದೆ ಎಂದು ನಂಬಿದ್ದವನು ನಾನು. ಈಗ ಹೇಳಹೊರಟಿರುವ ಸಂಗತಿಗೆ ಮಾತ್ರ ಮೂಲ ಸಿಕ್ಕಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವೂ ಇಲ್ಲ.

ಆ ಬೇಸಿಗೆಯಲ್ಲಿ ಮಾದಾಪುರದ ಹತ್ತಿರದ ಒಂದು ಎಸ್ಟೇಟಿನಲ್ಲಿ ಸಿಡುಬು ಕಾಣಿಸಿಕೊಂಡು ಸಾವುಗಳಾದವು. ಪಕ್ಕದ ತೋಡು, ಆ ಸಣ್ಣ ಹಳ್ಳ, ದಾಟಿದರೆ ಇನ್ನೊಂದು ಎಸ್ಟೇಟು. ಅಲ್ಲಿನ ಕೂಲಿಯವರ ಸಾಲುಮನೆಗಳಿಗೆ, ಲೈನುಗಳಿಗೆ, ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಎರಡೂ ಕಡೆಯ ಜನ ಒಂದೇ ಸಂತೆಗೆ ಹೋಗುತ್ತಿದ್ದುದರಿಂದ ತಡಮಾಡುವಂತಿರಲಿಲ್ಲ. ಆದರೆ ಹೊರಡಬೇಕೆನ್ನುವಾಗ ನನಗೇ ಮಲೇರಿಯಾ ಬಡಿಯಿತು. ಮಡಿಕೇರಿಯ ಬಾಡಿಗೆ ಕೋಣೆಯಲ್ಲಿ ಕಂಬಳಿಯ ಮೇಲೆ ಕಂಬಳಿ ಹೊದ್ದು ನಡುಗುತ್ತ ಮಲಗಿದೆ. ಮನೆಯ ಯಜಮಾನಿ ಹೊತ್ತುಹೊತ್ತಿಗೆ ಗಂಜಿ ತಂದು ಕುಡಿಸುತ್ತಿದ್ದರು. ನನ್ನ ಬದಲಿಗೆ ಕಳಿಸಲು ಬೇರೆ ಯಾರೂ ಇರಲಿಲ್ಲ. ಜ್ವರದಲ್ಲೂ ನನಗೆ ಅದೊಂದೇ ಯೋಚನೆ: ಆ ಲೈನಿನ ಜನ ಏನಾದರೋ.

ಎದ್ದು ನಿಲ್ಲುವಷ್ಟಾದ ಕೂಡಲೇ ಬಸ್ಸು ಹಿಡಿದು ಹೋದೆ. ಇಷ್ಟರಲ್ಲಿ ರೋಗ ತೋಡು ದಾಟಿರುತ್ತದೆ, ಎಷ್ಟು ಮನೆಗಳ ಬಾಗಿಲು ಹಾಕಿಸಿದೆಯೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ನೋಡಿದರೆ ಲೈನಿನ ಅಂಗಳದಲ್ಲಿ ಮಕ್ಕಳು ಕಿರುಚಾಡಿಕೊಂಡು ಆಡುತ್ತಿದ್ದವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸುಬ್ಬಪ್ಪ ನನ್ನನ್ನು ಕಂಡು ನಗುತ್ತ ಬಂದರು.

"ಏನು ಇನ್ಸ್‌ಪೆಕ್ಟ್ರೇ, ಮತ್ತೆ ಬಂದ್ರಾ? ಎಲ್ರಿಗೂ ಹಾಕಿ ಆಯ್ತಲ್ಲ!"

ನಾನು ಇಲ್ಲಿಗೆ ಬರುತ್ತಿರುವುದು ಇದೇ ಮೊದಲು ಎಂದೆ.

"ತಮಾಷೆ ಮಾಡ್ಬೇಡಿ ಮಾರಾಯ್ರೆ. ಹೋದ ವಾರ ಇಡೀ ದಿನ ನನ್ನ ಜೊತೆ ಲೈನು ಸುತ್ತಿದ್ರಿ. ಊಟಕ್ಕೆ ಕರೆದ್ರೂ ಬರ್ಲಿಲ್ಲ."

ಯಾರೋ ನನ್ನ ಹೆಸರು ಹೇಳಿಕೊಂಡು ಬಂದಿರಬೇಕು ಎನ್ನಿಸಿತು. ಮಕ್ಕಳನ್ನು ಕರೆದು ತೋಳು ನೋಡಿದೆ. ದಾಕಿನ ಗುಳ್ಳೆಗಳು ಚೆನ್ನಾಗಿ ಎದ್ದು ಒಣಗತೊಡಗಿದ್ದವು. ಹೋದ ವಾರ ಹಾಕಿದ್ದು ಎಂದರೆ ಒಪ್ಪಬೇಕಾದ ಹದ. ಆದರೆ ನಾನು ಆ ತೋಳುಗಳನ್ನು ಮತ್ತೆ ಮತ್ತೆ ನೋಡಿದ್ದು ಅದಕ್ಕಲ್ಲ. ನಾನು ದಾಕಿನ ಗೀರುಗಳನ್ನು ಒಂದರ ಕೆಳಗೊಂದು, ತುಸು ಓರೆಯಾಗಿ ಹಾಕುತ್ತಿದ್ದೆ. ನಮ್ಮಲ್ಲಿ ಬೇರೆ ಯಾರೂ ಹಾಗೆ ಹಾಕುತ್ತಿರಲಿಲ್ಲ. ಆ ಮಕ್ಕಳ ತೋಳುಗಳ ಮೇಲೆ ಇದ್ದದ್ದು ಅದೇ ಓರೆ. ನನ್ನ ಅಕ್ಷರವನ್ನು ನಾನೇ ಗುರುತಿಸಿದ ಹಾಗಾಯಿತು.

ಲೈನಿನ ಕೊನೆಯ ಮನೆಯಿಂದ ಕೆಂಪಮ್ಮ ಎಂಬ ಮುದುಕಿ ಬಂದಳು. ಸಿಡುಬಿನ ದೇವಿ ಅಮ್ಮ ಮುನಿಯುತ್ತಾಳೆಂದು ಮೊದಲು ದಾಕು ಹಾಕಿಸಿಕೊಳ್ಳಲು ಒಪ್ಪದೆ, ಉಳಿದವರನ್ನೂ ತಡೆದವಳು ಇವಳೇ ಎಂದು ಸುಬ್ಬಪ್ಪ ಹೇಳಿದರು. ಅವಳು ಸೆರಗು ಸರಿಸಿ ತೋಳು ತೋರಿಸಿದಳು.

"ನೀವು ನಿಮ್ ತಂಗಿ ವಿಷ್ಯ ಹೇಳ್ದ ಮ್ಯಾಲೆ ನಂಗೂ ಮನ್ಸು ತಡೀಲಿಲ್ಲ ಬುದ್ಧಿ. ಆ ಮಗು ಸಾಯೋ ಮುಂಚೆ ಒಂದ್ ಚೂರು ಮಾವಿನ್ಕಾಯಿ ಕೇಳ್ತಂತೆ, ಪಥ್ಯ ಅಂತ ಅವ್ವ ಕೊಡ್ಲಿಲ್ವಂತೆ. ಹೇಳ್ತಾ ಹೇಳ್ತಾ ಇದೇ ಜಗಲಿ ಮ್ಯಾಲೆ ಕೂತ್ಕಂಡು ಅತ್ರಲ್ಲ."

ನನಗೆ ಒಬ್ಬಳು ತಂಗಿ ಇದ್ದದ್ದು ನಿಜ. ಸಿಡುಬಿನಲ್ಲೇ ತೀರಿಕೊಂಡಳು. ಅವಳ ವಿಷಯವನ್ನು ಕೊಡಗಿನಲ್ಲಿ ನಾನು ಯಾರೊಂದಿಗೂ ಆಡಿರಲಿಲ್ಲ. ಮಾವಿನಕಾಯಿಯ ಸಂಗತಿಯಂತೂ ನನಗೇ ಗೊತ್ತಿರಲಿಲ್ಲ. ಅವಳಿಗೆ ಮೈಮೇಲೆ ಗುಳ್ಳೆ ಎದ್ದ ದಿನವೇ ನನ್ನನ್ನು ಮಾವನ ಊರಿಗೆ ಕಳಿಸಿಬಿಟ್ಟಿದ್ದರು.

ನಾನು ಅದೇ ಜಗಲಿಯ ಮೇಲೆ ಕೂತೆ. ಆಮೇಲೆ ವಿಚಾರಿಸುವುದನ್ನೆಲ್ಲ ವಿಚಾರಿಸಿದೆ. ನೆರೆಯ ಹಾಸನದ ಕಡೆಯಿಂದ ದಾಕು ಹಾಕುವವರು ಯಾರೂ ಬಂದಿರಲಿಲ್ಲ. ನಮ್ಮ ಆಫೀಸಿನಿಂದ ದಾಕಿನ ಔಷಧ ಹೊರಹೋಗಿರಲಿಲ್ಲ. ಜ್ವರದ ಭ್ರಮೆಯಲ್ಲಿ ನಾನೇ ಎದ್ದು ಹೋಗಿದ್ದೆನೇ ಎಂದು ಮನೆಯ ಯಜಮಾನಿಯನ್ನು ಕೇಳಿದೆ. ಅವರು ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿ, "ಎದ್ದು ಕೂರೋಕೇ ಆಗ್ತಿರ್ಲಿಲ್ಲ, ಎಲ್ಲಿಗೆ ಹೋಗ್ತೀರಿ?" ಎಂದರು. ನಮ್ಮ ಮೇಲಧಿಕಾರಿ ಡಾಕ್ಟರು ಕೇಳಿದಾಗ ಆ ಲೈನಿನಲ್ಲಿ ದಾಕು ಹಾಕಿ ಆಗಿದೆ ಎಂದಷ್ಟೇ ಹೇಳಿದೆ. ಸುಳ್ಳೇನೂ ಅಲ್ಲವಲ್ಲ. ಸಿಡುಬು ಆ ತೋಡನ್ನು ದಾಟಲೇ ಇಲ್ಲ.

ರಜೆ ಸಿಕ್ಕಾಗ ಊರಿಗೆ ಹೋದೆ. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಂಗಿ ಕೊನೆಗೆ ಮಾವಿನಕಾಯಿ ಕೇಳಿದ್ದಳೇ ಎಂದೆ. ಅವ್ವನ ಕೈ ನಿಂತಿತು.

"ಯಾರ್ ಹೇಳಿದ್ರು ನಿಂಗೆ? ಆಗ ಮನೇಲಿ ನಾನು, ಆ ಮಗು, ಇಬ್ರೇ ಇದ್ದದ್ದು. ನಿಮ್ಮಪ್ಪಂಗೂ ನಾನು ಹೇಳಿಲ್ಲ."

ಈಗಲೂ ಕೆಲವು ದಿನ, ನಾನೇ ಹೋಗಿದ್ದೆ, ಮರೆತಿದ್ದೇನೆ ಅನ್ನಿಸುತ್ತದೆ. ಹಾಗಾದರೆ ನನಗೆ ಗೊತ್ತೇ ಇಲ್ಲದ್ದನ್ನು ಹೇಳಿ ನಾನು ಅತ್ತದ್ದು ಹೇಗೆ? ಇನ್ನು ಕೆಲವು ದಿನ, ಬೇರೆ ಯಾರೋ ಬಂದಿದ್ದರು ಅನ್ನಿಸುತ್ತದೆ. ಆ ಬೇರೆಯವರು ಯಾರು ಎಂದು ಯೋಚಿಸಲು ಹೋದರೆ ಮನಸ್ಸು ಅಲ್ಲೇ ನಿಂತುಬಿಡುತ್ತದೆ.

ಅಂದು ಅವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತ ಮತ್ತೆ ಮತ್ತೆ ಕೇಳುತ್ತಿದ್ದಳು: "ಹೇಳಪ್ಪ, ಯಾರ್ ಹೇಳಿದ್ರು?"