ಬಾಯಿ ಬಿಟ್ಟ ಮೂಲೆ

ನನಗೆ ಒಂದೇ ಕಡೆ ಕೂತು ಉಣ್ಣುವ ಅಭ್ಯಾಸವಿಲ್ಲ. ಜೇವರ್ಗಿಯಲ್ಲಿ ವರದಿಗಾರ್ತಿಯಾಗಿದ್ದಾಗಲೇ ಹೀಗಿದ್ದೆ. ಆಳಂದದಲ್ಲಿ ನನ್ನದೇ ಕಲಾ ಪತ್ರಿಕೆ ಶುರುವಾದ ಮೇಲೆ ಇನ್ನೂ ಹದಗೆಟ್ಟೆ. ಗೋಡೆಗೆ ಚಿತ್ರ ಬರೆಯುವವರು ಯಾವುದೋ ಊರಲ್ಲಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ತಾಟು ಅಲ್ಲೇ ಬಿಟ್ಟು ಬಸ್ ಹಿಡಿಯುತ್ತೇನೆ. ಅಲ್ಲಿ ತಲುಪುವಷ್ಟರಲ್ಲಿ ಜೀವ ಮುಂದಿನ ಊರಿಗೆ ಹಾರಿರುತ್ತದೆ.

ಹಿರೋಳ್ಳಿಯ ಹೆಣ್ಣುಮಗಳೊಬ್ಬಳು ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಮುಖಪುಟಕ್ಕೆ ಹಾಕಿದ್ದೆ. ಹುಟ್ಟಲಿದ್ದ ಮೊಮ್ಮಗುವಿಗೆಂದು ಹೊಲಿದದ್ದು. ಒಂದು ಮೂಲೆಯನ್ನು ಮಾತ್ರ ಹೊಲಿಯದೆ ಬಿಟ್ಟಿದ್ದಳು. ಕೂಸು ಮನೆಗೆ ಬರುವ ದಿನ ಅದರೊಳಗೆ ರೊಟ್ಟಿಯ ತುಣುಕಿಟ್ಟು ಹೊಲಿಗೆ ಮುಗಿಸುವುದು ಅವರ ಮನೆಯ ಪದ್ಧತಿ.

“ಉಪಾಸ ಕೌದಿ ಮ್ಯಾಲ ಕೂಸಿಗಿ ಮಲಗಸಂಗಿಲ್ರಿ ಅಕ್ಕಾರ” ಎಂದಿದ್ದಳು. ಅಫಜಲಪುರದ ನನ್ನ ಪ್ರದರ್ಶನಕ್ಕೆ ಅದನ್ನು ಕೊಡುವಾಗಲೂ ಅವಳದು ಒಂದೇ ಕರಾರು: ಕೂಸಿಗಿಂತ ಮೊದಲು ಕೌದಿ ಮನೆ ಸೇರಬೇಕು.

ಕೂಸು ಹುಟ್ಟಿತು. ನಾಳೆ ಆಸ್ಪತ್ರೆಯಿಂದ ಬರುತ್ತದೆಂದು ಫೋನ್ ಬಂತು. ಪ್ರದರ್ಶನದ ಗೋಡೆಯಿಂದ ಕೌದಿ ಇಳಿಸಿ ನೋಡಿದೆ. ಬಿಟ್ಟಿದ್ದ ಮೂಲೆ ಅಚ್ಚುಕಟ್ಟಾಗಿ ಮುಚ್ಚಿಹೋಗಿತ್ತು.

“ಹರದಿತ್ತಲ್ಲ, ನಾನೇ ಹೊಲದೇನಿ” ಎಂದಳು ಪ್ರದರ್ಶನ ಜೋಡಿಸಿದ್ದ ಗೆಳತಿ, ಹೆಮ್ಮೆಯಿಂದ.

ಆ ಮೂಲೆಯ ಬಗ್ಗೆಯೇ ಎರಡು ಪುಟ ಬರೆದಿದ್ದೆ. ಆ ಪುಟಗಳನ್ನು ಕೌದಿಯ ಪಕ್ಕದಲ್ಲೇ ಅಂಟಿಸಿದ್ದವಳೂ ಅವಳೇ. ಓದಿರಲಿಲ್ಲ! ಇಷ್ಟು ವರ್ಷ ಯಾರಿಗೆ ಬರೆದೆ ಎಂದು ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚತೊಡಗಿದೆ. ಬಸ್ ಕುಣಿದಾಗಲೆಲ್ಲ ಕೌದಿಯ ಸೀರೆಯನ್ನೇ ಕತ್ತರಿಸಿಬಿಟ್ಟೇನೆಂದು ಹೆದರಿಕೆ. ಪಕ್ಕದ ಮುದುಕಿ ಇಣುಕಿ ನೋಡಿ, “ಎಲ್ಲಾರೂ ಹೊಲಿಯಾದು ನೋಡೇನಿ. ನೀ ಬಿಚ್ಚಾಕತ್ತಿಯಲ್ಲ ಬೇ!” ಎಂದು ನಕ್ಕಳು. ಆಳಂದದಲ್ಲಿ ಬಸ್ ಬದಲಿಸುವಾಗ ಚಹಾಕ್ಕೂ ನಿಲ್ಲಲಿಲ್ಲ. ಕೊನೆಯ ದಾರ ಕಿತ್ತು ಬಂದದ್ದು ಹಿರೋಳ್ಳಿ ಹತ್ತಿರ.

ಮನೆಯಲ್ಲಿ ಕೌದಿ ಕೈಗಿಟ್ಟೊಡನೆ ಅದನ್ನು ಹೊಲಿದವಳು ಮೂಲೆಯ ಮೇಲೆ ಬೆರಳಾಡಿಸಿದಳು. ಸೂಜಿಯ ತೂತುಗಳು ಸಿಕ್ಕವು.

“ಯಾರೋ ಹೊಲದಿದ್ರಲ್ರಿ?”

ನಡೆದದ್ದೆಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಕೌದಿ ಬಿಟ್ಟು ನನ್ನ ಮುಖ ನೋಡಿದಳು.

“ಮುಂಜಾನಿಂದ ಏನರ ಉಂಡೀರೇನ್ರಿ?”

“ಇಲ್ಲ. ಗೋಡೆಚಿತ್ರ ನೋಡಲು ಮಟಕಿ ಊರಿಗೆ ಹೋಗಬೇಕು, ಬಸ್ ತಪ್ಪುತ್ತದೆ” ಎಂದು ಚೀಲ ಹೆಗಲಿಗೇರಿಸಿದೆ.

ಅವಳು ರೊಟ್ಟಿ ಮುರಿದು ಒಂದು ತುಣುಕನ್ನು ಕೌದಿಯ ಮೂಲೆಯೊಳಗಿಟ್ಟಳು. ಉಳಿದದ್ದಕ್ಕೆ ಪುಂಡಿಪಲ್ಯ ಹಾಕಿ ನನ್ನ ಮುಂದೆ ಹಿಡಿದಳು. ಹೊರಗೆ ಆಟೊ ನಿಂತ ಸದ್ದು, ಅದರ ಹಿಂದೆಯೇ ಕೂಸಿನ ಅಳು.

“ಬೇಗ ಹೊಲಿಯಿರಿ, ಬಂದೇಬಿಟ್ಟಿತು!” ಎಂದೆ.

ಸೂಜಿಗೆ ದಾರ ಪೋಣಿಸಿ ಕೈಯಲ್ಲಿ ಹಿಡಿದು ಅವಳು ಸುಮ್ಮನೆ ಕೂತಳು.

“ನೀವು ಉಂಡ ಮ್ಯಾಲ.”

ಚೀಲ ಕೆಳಗಿಟ್ಟು ಕೂತು ಉಂಡೆ.